ಉಚ್ಚಾಟನೆ ಅಂದ್ರೆ ಶಿಕ್ಷೆಯೋ, ಬಿಡುಗಡೆಯೋ?



ಸಾಸ್ವೆಹಳ್ಳಿ ಬಸ್‌ಸ್ಟ್ಯಾಂಡ್ ಹೋಟ್ಲಲ್ಲಿ ಪಕ್ಷಾಂತರದ ಮಾತು ಬಂದ್ರೆ ಸಾಕು, ಯಾರಾದ್ರೂ ಒಬ್ರು ನನ್ನ ಕಡೆ ತಿರುಗಿ ಕೇಳ್ತಾರೆ: "ನಿಮ್ ಆನೆ ಎಂಎಲ್ಎ ಎಲ್ಲಿಗ್ ಹೋದ್ರಪ್ಪಾ?" ಎನ್. ಮಹೇಶ್ ವಿಷಯ ಅದು. ಕೇಳೋರಿಗೆ ತಮಾಷೆ. ನಮಗೆ ಇವತ್ತಿಗೂ ತಮಾಷೆ ಅಲ್ಲ.

ಗೊತ್ತಿಲ್ಲದ ಹುಡುಗರಿಗೆ ಹೇಳ್ತೀನಿ. ಕೆಎಎಸ್ ಅಧಿಕಾರಿ ಕೆಲಸ ಬಿಟ್ಟು ಚಳವಳಿಗೆ ಬಂದವರು ಅವರು. ಕೊಳ್ಳೇಗಾಲ ಮೀಸಲು ಕ್ಷೇತ್ರದಲ್ಲಿ ಸೋತು ಸೋತು ಕೊನೆಗೆ 2018ರಲ್ಲಿ ಗೆದ್ದರು. 1994ರಲ್ಲಿ ಬೀದರ್‌ನಿಂದ ಝುಲ್ಫೀಕರ್ ಹಾಶ್ಮಿ ಗೆದ್ದಿದ್ದು ಬಿಟ್ರೆ, ಕರ್ನಾಟಕದಲ್ಲಿ ಬಿಎಸ್‌ಪಿ ಮತ್ತೆ ಖಾತೆ ತೆರೆದಿದ್ದು ಆವತ್ತೇ. ಕೊಳ್ಳೇಗಾಲ ಎಲ್ಲಿ, ನಮ್ಮ ಹೊನ್ನಾಳಿ ತಾಲೂಕು ಎಲ್ಲಿ! ಆದರೂ ಆ ಸಂಜೆ ನಮ್ಮ ಕೇರಿಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಹಂಚಿದ್ವಿ. ನಮ್ಮ ದೊಡ್ಡಮ್ಮ ಒಬ್ರು "ನಮ್ ಹುಡ್ಗ ವಿಧಾನಸೌಧಕ್ಕೆ ಹೋದ" ಅಂದ್ರು. ಅವರು ಮಹೇಶ್ ಅವರನ್ನ ಒಮ್ಮೆಯೂ ನೋಡಿದವರಲ್ಲ.

ಜೆಡಿಎಸ್ ಜೊತೆ ಚುನಾವಣೆಗೂ ಮುಂಚಿನ ಹೊಂದಾಣಿಕೆ ಇತ್ತು. ಹಾಗಾಗಿ ಕುಮಾರಸ್ವಾಮಿ ಸಂಪುಟದಲ್ಲಿ ಶಿಕ್ಷಣ ಮಂತ್ರಿ ಆದ್ರು. ಅಕ್ಟೋಬರ್‌ನಲ್ಲಿ ರಾಜೀನಾಮೆ ಕೊಟ್ರು. 2019ರ ಜುಲೈ 23ರಂದು ವಿಶ್ವಾಸಮತ. ಸರ್ಕಾರದ ಪರ ಮತ ಹಾಕಿ ಅಂತ ಮಾಯಾವತಿಯವರು ಬಹಿರಂಗವಾಗೇ ಹೇಳಿದ್ದರು. ಮಹೇಶ್ ಸದನಕ್ಕೇ ಬರಲಿಲ್ಲ. 99ಕ್ಕೆ 105, ಸರ್ಕಾರ ಬಿತ್ತು. ಅವತ್ತೇ ಟ್ವೀಟ್‌ನಲ್ಲಿ ಉಚ್ಚಾಟನೆ. ಮೊದಲು ತಟಸ್ಥವಾಗಿರಲು ಸೂಚನೆ ಇತ್ತು, ಆಮೇಲಿನ ಆದೇಶ ತಮ್ಮ ಗಮನಕ್ಕೆ ಬರಲಿಲ್ಲ ಅನ್ನೋದು ಅವರ ಸಮಜಾಯಿಷಿ. ಅವರ ಒಂದು ಮತ ಬಿದ್ದಿದ್ರೂ ಸರ್ಕಾರ ಉಳೀತಿರಲಿಲ್ಲ, ಅದು ಬೇರೆ ಮಾತು.

ಆ ಟ್ವೀಟ್ ನೋಡಿ ನಮ್ಮವರು ಎಷ್ಟೋ ಜನ "ಬೆಹೆನ್‌ಜಿ ಸರಿಯಾಗಿ ಬುದ್ಧಿ ಕಲಿಸಿದ್ರು" ಅಂತ ಖುಷಿಪಟ್ರು. ನಾನು ಆಫೀಸಲ್ಲಿ ಫೈಲು ಕಟ್ಟೋ ಗುಮಾಸ್ತ, ನನಗೆ ಅಲ್ಲೇ ಲೆಕ್ಕ ತಪ್ಪಿದ ಹಾಗೆ ಕಾಣ್ತು. ನಮ್ಮಲ್ಲಿ ಯಾರಾದ್ರೂ ಹೇಳದೆ ಕೇಳದೆ ಗೈರಾದ್ರೆ ಮೊದಲು ನೋಟಿಸು, ಆಮೇಲೆ ವಿವರಣೆ, ಆಮೇಲೆ ವಿಚಾರಣೆ. ಕೊನೆಗೆ ವಜಾ ಆದ್ರೆ ಕುರ್ಚಿ ಬಿಟ್ಟು ಮನೆಗೆ ಹೋಗ್ತಾನೆ. ಶಾಸಕನನ್ನ ಪಕ್ಷ ವಜಾ ಮಾಡಿದ್ರೆ ಅವನು ಕುರ್ಚಿ ಸಮೇತ ಹೋಗ್ತಾನೆ! ಸಂಬಳ, ಭತ್ಯೆ, ಕ್ಷೇತ್ರದ ಅನುದಾನ, ಎಲ್ಲಾ ಅವನದ್ದೇ. ಪಕ್ಷದ ಕೈಲಿ ಉಳಿಯೋದು ಉಚ್ಚಾಟನೆ ಪತ್ರದ ಆಫೀಸ್ ಕಾಪಿ.

1985ರ ಪಕ್ಷಾಂತರ ನಿಷೇಧ ಕಾಯ್ದೆ ಹಾಗಿದೆ. ವಿಪ್ ಮೀರಿ ಮತ ಹಾಕಿದ್ರೆ ಅಥವಾ ಗೈರಾದ್ರೆ, ಪಕ್ಷ ಅದನ್ನ 15 ದಿನದೊಳಗೆ ಮನ್ನಿಸದಿದ್ದರೆ, ಸದಸ್ಯತ್ವವೇ ಹೋಗುತ್ತೆ. ಆದರೆ ತೀರ್ಮಾನ ಸ್ಪೀಕರ್ ಕೈಲಿ. ಪಕ್ಷ ತಾನಾಗೇ ಹೊರಗೆ ಹಾಕಿದ್ರೆ ಸೀಟು ಹೋಗಲ್ಲ. ಹಾಗೆ ಹೊರಬಿದ್ದವನೂ ಕಾನೂನಿನ ಕಣ್ಣಲ್ಲಿ ಗೆದ್ದ ಪಕ್ಷದವನೇ, ಬೇರೆ ಪಕ್ಷ ಸೇರಿದ್ರೆ ಅನರ್ಹ ಅಂತ 1996ರಲ್ಲಿ ಜಿ. ವಿಶ್ವನಾಥನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಮಹೇಶ್ 2021ರ ಆಗಸ್ಟಿನಲ್ಲಿ ಬಿಜೆಪಿ ಸೇರಿದ್ರು, 2023ರ ತನಕ ಶಾಸಕರಾಗೇ ಇದ್ರು. ಆನೆ ಗುರುತಿನ ಮೇಲೆ ಗೆದ್ದ ಕುರ್ಚಿ, ಕೂತಿದ್ದು ಕಮಲದ ನೆರಳಲ್ಲಿ. ಕೊನೆಗೆ ಶಿಕ್ಷೆ ಕೊಟ್ಟಿದ್ದು ಕೊಳ್ಳೇಗಾಲದ ಜನ. 2023ರಲ್ಲಿ ಬಿಜೆಪಿಯಿಂದ ನಿಂತಾಗ ಕಾಂಗ್ರೆಸ್‌ನ ಎ.ಆರ್. ಕೃಷ್ಣಮೂರ್ತಿಯವರ ಎದುರು ಐವತ್ತು ಸಾವಿರಕ್ಕೂ ಹೆಚ್ಚು ಮತದಿಂದ ಸೋತರು. ಆದರೆ ಅದಕ್ಕೆ ನಾಲ್ಕು ವರ್ಷ ಕಾಯಬೇಕಾಯ್ತು.

ಬೇರೆಯವರ ಮನೆ ಕಥೆನೂ ಇದೇ. ಅದೇ 2019ರಲ್ಲಿ ಸ್ಪೀಕರ್ ರಮೇಶ್ ಕುಮಾರ್ 17 ಜನರನ್ನ ಅನರ್ಹ ಮಾಡಿದ್ರು. ಸುಪ್ರೀಂ ಕೋರ್ಟ್ ಅನರ್ಹತೆ ಎತ್ತಿಹಿಡೀತು, ಆದ್ರೆ ಮತ್ತೆ ಚುನಾವಣೆಗೆ ನಿಲ್ಲಬಹುದು ಅಂತು. ಡಿಸೆಂಬರ್‌ನಲ್ಲಿ ಉಪಚುನಾವಣೆ, ಫೆಬ್ರವರಿಯಲ್ಲಿ ಅವರಲ್ಲಿ ಹತ್ತು ಜನ ಮಂತ್ರಿಗಳು. ಶಿಕ್ಷೆಗೆ ಬಡ್ತಿ! ಆ 17ರಲ್ಲಿ ಇದ್ದ ಎಸ್.ಟಿ. ಸೋಮಶೇಖರ್, ಶಿವರಾಮ್ ಹೆಬ್ಬಾರ್ ಇಬ್ಬರನ್ನೂ 2025ರ ಮೇನಲ್ಲಿ ಬಿಜೆಪಿ ಆರು ವರ್ಷ ಉಚ್ಚಾಟಿಸಿತು. ಕಾಂಗ್ರೆಸ್‌ಗೆ ಕೈಕೊಟ್ಟಾಗ ಹಾರ ಹಾಕಿದವರಿಗೆ, ತಮಗೇ ಕೈಕೊಟ್ಟಾಗ ನಿಷ್ಠೆ ನೆನಪಾಯ್ತು.

ಹಾಗಂತ ಅವಸರದ ಶಿಕ್ಷೆಯೂ ನಿಲ್ಲಲ್ಲ. 2010ರಲ್ಲಿ ಯಡಿಯೂರಪ್ಪನವರ ವಿಶ್ವಾಸಮತಕ್ಕೆ ಒಂದು ದಿನ ಮುಂಚೆ ಸ್ಪೀಕರ್ ಬೋಪಯ್ಯ 16 ಜನರನ್ನ ಅನರ್ಹ ಮಾಡಿದ್ರು. ಮುಂದಿನ ವರ್ಷ ಸುಪ್ರೀಂ ಕೋರ್ಟ್ ಅದನ್ನ ರದ್ದು ಮಾಡ್ತು. ಅವರ ಮಾತು ಕೇಳೋಕೆ ಸರಿಯಾಗಿ ಅವಕಾಶವೇ ಕೊಟ್ಟಿರಲಿಲ್ಲ.

ಹಾಗಾದ್ರೆ ಪಕ್ಷ ಶಿಕ್ಷೆ ಕೊಡಬೇಕಾ? ಕೊಡಬೇಕು. ಕೂಲಿ ದುಡ್ಡಲ್ಲಿ ಹತ್ತಿಪ್ಪತ್ತು ರೂಪಾಯಿ ತೆಗೆದು ಚಂದಾ ಕೊಟ್ಟು ಗೆಲ್ಲಿಸಿದ ಜನರ ಸೀಟು ಅದು. ಅದನ್ನ ಇನ್ನೊಬ್ಬರ ಮನೆಗೆ ಹೊತ್ತುಕೊಂಡು ಹೋಗೋಕೆ ಯಾರಿಗೂ ಹಕ್ಕಿಲ್ಲ. ಆದರೆ ಸೀಟು ವಾಪಸ್ ಬರೋ ದಾರಿ ಹಿಡೀಬೇಕು: ನೋಟಿಸು ಕೊಡಿ, ಕಾರ್ಯಕರ್ತರ ಮುಂದೆ ವಿವರಣೆ ಕೇಳಿ, ಸ್ಪೀಕರ್‌ಗೆ ಅರ್ಜಿ ಹಾಕಿ, ಕೋರ್ಟಿನ ತನಕ ಬಿಡಬೇಡಿ. 2019ರಲ್ಲಿ ದೆಹಲಿ-ಲಖನೌ ಕಡೆಯಿಂದ ಒಂದು ಟ್ವೀಟ್ ಬಂತು. ಬೂತಿನಲ್ಲಿ ಕೂತಿದ್ದ ನಮ್ಮ ಹುಡುಗರನ್ನ ಯಾರು ಕೇಳಿದ್ರು?

ಇನ್ನೊಂದು ಮಾತು ಗಂಟಲಲ್ಲೇ ಕಚ್ಚಿಕೊಂಡಿದೆ. ಈ ವಿಧಾನಸಭೆಯಲ್ಲಿ 36 ಎಸ್‌ಸಿ, 15 ಎಸ್‌ಟಿ ಮೀಸಲು ಸೀಟು. ನಮ್ಮ ಹೊನ್ನಾಳಿ ಜನರಲ್, ಆದ್ರೆ ನಮ್ಮ ಜಿಲ್ಲೆಯಲ್ಲೇ ಮಾಯಕೊಂಡ ಎಸ್‌ಸಿ, ಜಗಳೂರು ಎಸ್‌ಟಿ. 2012ರಲ್ಲಿ ಸದಾಶಿವ ಆಯೋಗ ಕೊಟ್ಟ ಒಳಮೀಸಲಾತಿ ವರದಿ ಎಷ್ಟು ಸರ್ಕಾರ ಕಳೆದ್ರೂ ಕಪಾಟಿನಲ್ಲೇ ಕೊಳೀತು. 2023ರಲ್ಲಿ ಎಸ್‌ಸಿಎಸ್‌ಪಿ-ಟಿಎಸ್‌ಪಿಯ 34 ಸಾವಿರ ಕೋಟಿಯಲ್ಲಿ ಸುಮಾರು 11 ಸಾವಿರ ಕೋಟಿ ಗ್ಯಾರಂಟಿಗಳಿಗೆ ಹೋಯ್ತು. ಫಲಾನುಭವಿಗಳೂ ದಲಿತರೇ ಅಲ್ವಾ ಅಂತ ಸರ್ಕಾರ ಅಂತು. ಹಾಸ್ಟೆಲ್ಲು, ಭೂಮಿ, ಬೋರ್‌ವೆಲ್‌ಗೆ ಅಂತ ಇದ್ದ ಕಾಸು ಅದು. ಆಗ ಸದನದಲ್ಲಿ ಬಾಯಿ ಬಿಡದ ಮೀಸಲು ಕ್ಷೇತ್ರದ ಶಾಸಕನಿಗೆ ಯಾವ ಪಕ್ಷ ನೋಟಿಸು ಕೊಡ್ತು? ಉಲ್ಟಾ, ಒಬ್ಬ ಎದ್ದು "ಈ ಬಜೆಟ್‌ಗೆ ನನ್ನ ಮತ ಇಲ್ಲ" ಅಂದಿದ್ರೆ ವಿಪ್ ಹೆಸರಲ್ಲಿ ಅವನ ಸೀಟೇ ಹೋಗ್ತಿತ್ತು. ಪಕ್ಷದ ಲೆಕ್ಕದಲ್ಲಿ ಅವನೇ ದ್ರೋಹಿ.

ಅದಕ್ಕೇ ವಿಪ್ ಅನ್ನೋ ಚಾಟಿ ಎಲ್ಲದಕ್ಕೂ ಬೇಡ ಅಂತೀನಿ. 1990ರಲ್ಲೇ ದಿನೇಶ್ ಗೋಸ್ವಾಮಿ ಸಮಿತಿ ಹೇಳಿತ್ತು, ಪಕ್ಷ ಬಿಟ್ಟವನನ್ನ ಮತ್ತು ವಿಶ್ವಾಸ-ಅವಿಶ್ವಾಸ ಮತದಲ್ಲಿ ಪಕ್ಷದ ಆದೇಶ ಮೀರಿದವನನ್ನ ಮಾತ್ರ ಅನರ್ಹ ಮಾಡಿ ಅಂತ. ಸರ್ಕಾರ ಬೀಳಿಸೋಕೆ ಕೈಜೋಡಿಸಿದವನನ್ನ ಮನೆಗೆ ಕಳಿಸಿ, ನನ್ನದೇನೂ ತಕರಾರಿಲ್ಲ. ಆದರೆ ನಮ್ಮ ದುಡ್ಡು, ನಮ್ಮ ಮೀಸಲಾತಿ ವಿಷಯದಲ್ಲಿ ಪಕ್ಷದ ಎದುರೇ ಕೈ ಎತ್ತುವವನಿಗೆ ಸೀಟು ಹೋಗೋ ಭಯ ಇರಬಾರದು.

ಮಾಯಕೊಂಡ, ಜಗಳೂರಿನ ಬಂಧುಗಳೇ, ಮುಂದಿನ ಸಲ ಯಾವ ಪಕ್ಷದವರಾದ್ರೂ ಮತ ಕೇಳೋಕೆ ಬಂದಾಗ ಎರಡು ಪ್ರಶ್ನೆ ಕೇಳಿ. ಗೆದ್ದ ಮೇಲೆ ಪಕ್ಷ ಬಿಡೋದಾದ್ರೆ ಸೀಟೂ ಬಿಡ್ತೀರಾ? ನಮ್ಮ ದುಡ್ಡು ಬೇರೆ ಕಡೆ ಹೋದಾಗ ಎದ್ದು ನಿಂತು ಮಾತಾಡ್ತೀರಾ? ಉತ್ತರವನ್ನ ಮೈಕಿನಲ್ಲಿ, ಎಲ್ಲರ ಮುಂದೆ ಹೇಳಿಸಿ, ಮೊಬೈಲಲ್ಲಿ ರೆಕಾರ್ಡ್ ಮಾಡಿ ಇಟ್ಕೊಳ್ಳಿ.