ಎಣಿಕೆಯ ಬಲ

ಅಂಬೇವಾಡಿಯ ಸುತ್ತಣ ತೇಗ ಬಿದಿರುಗಳ ಕಾಡಿನಲ್ಲಿ ನೂರು ಜನರು ಕಾಲುದಾರಿ ಹಿಡಿದು ನಡೆದರೆ, ಎದುರು ಬರುವವನಿಗೆ ಕಾಣುವವನು ಒಬ್ಬನೇ. ಉಳಿದವರು ಅವನ ಬೆನ್ನ ಹಿಂದೆ ಇದ್ದೂ ಇಲ್ಲದಂತೆ. ಉಭಯ ಪಕ್ಷಗಳ ತಲೆಗಳನ್ನೆಣಿಸಿ ಯುದ್ಧದ ಸೋಲುಗೆಲವುಗಳನ್ನು ಮುಂದಾಗಿ ನಿರ್ಣಯಿಸಹೊರಟವರು ಈ ಕಾಲುದಾರಿಯನ್ನು ನೆನೆಯುವುದು ಒಳಿತು.

ಹಾಗೆಂದು ಎಣಿಕೆಯು ವ್ಯರ್ಥವೆನ್ನಲಾಗದು. 1916ರಲ್ಲಿ ಲ್ಯಾಂಚೆಸ್ಟರನೆಂಬ ಆಂಗ್ಲ ಯಂತ್ರಶಾಸ್ತ್ರಜ್ಞನು ಇದರ ಗಣಿತವನ್ನು ಪುಸ್ತಕರೂಪವಾಗಿ ಪ್ರಕಟಿಸಿದನು. ಅದರಂತೆ, ಸಮಾನ ಆಯುಧಗಳುಳ್ಳವರು ಬಯಲಿನಲ್ಲಿ ದೂರದಿಂದ ಗುರಿಯಿಟ್ಟು ಹೊಡೆದಾಡಿದರೆ ಬಲವು ಸಂಖ್ಯೆಯ ವರ್ಗದಷ್ಟಾಗುವುದು: 1000 ಜನರು 600 ಜನರನ್ನು ಪೂರ್ಣವಾಗಿ ಸೋಲಿಸಿದಾಗ ಅವರಲ್ಲಿ 800 ಜನರು ಉಳಿದಿರುವರು. ಒಬ್ಬನಿಗೊಬ್ಬನು ಎದುರಾಗುವ ಇಕ್ಕಟ್ಟಿನಲ್ಲಾದರೋ ಉಳಿಯುವವರು 400 ಮಾತ್ರ. ಸಂಖ್ಯೆ ಅದೇ, ನೆಲ ಬೇರೆ.

ಅಂಬೇವಾಡಿಯಿಂದ ಅಳ್ನಾವರವನ್ನು ದಾಟಿ ಬಡಗಲಾಗಿ ಹೋದರೆ ಕಿತ್ತೂರು. ಅಲ್ಲಿಯ ದತ್ತಕವನ್ನು ಕಂಪನಿ ಸರಕಾರವು ಒಪ್ಪದಿರಲು, 1824ನೆಯ ಅಕ್ಟೋಬರ 23ರಂದು ಧಾರವಾಡದ ಕಲೆಕ್ಟರ ಥ್ಯಾಕರೆಯು ಚಿಕ್ಕದೊಂದು ದಂಡನ್ನೂ ಕೆಲವು ತೋಪುಗಳನ್ನೂ ಕೋಟೆಯ ಮುಂದೆ ನಿಲ್ಲಿಸಿದನು. ತೋಪಿನ ಭಯವೇ ಸಾಕೆಂದು ಅವನ ಲೆಕ್ಕ. ಬಾಗಿಲು ತೆರೆಯಿತು, ಕಿತ್ತೂರಿನವರು ಹೊರನುಗ್ಗಿದರು. ಮೈಗೆ ಮೈ ತಾಗುವ ಆ ಕಾಳಗದಲ್ಲಿ ತೋಪುಗಳು ಮೂಕವಾದವು, ಥ್ಯಾಕರೆಯು ಮಡಿದನು.

ಅಂದಿನ ಜಯವು ಬಾಗಿಲ ಮುಂದೆ ನಿಂತವರ ಮೇಲಣ ಜಯ. ಎಣಿಸಬೇಕಾದವರು ಇನ್ನೂ ಬಂದಿರಲಿಲ್ಲ. ರಾಣಿ ಚೆನ್ನಮ್ಮನು ಇದನ್ನರಿಯದವಳೇನಲ್ಲ. ಸೆರೆಸಿಕ್ಕ ಎಲಿಯಟ್ ಮತ್ತು ಸ್ಟೀವನ್ಸನ್ ಎಂಬ ಅಧಿಕಾರಿಗಳನ್ನು ಕೊಲ್ಲಿಸದೆ ಕಾಪಾಡಿ, ಬಳಿಕ ಬಿಟ್ಟುಕೊಟ್ಟಳು. ಆದರೂ ಡಿಸೆಂಬರದಲ್ಲಿ ಕಂಪನಿಯ ದೊಡ್ಡ ದಂಡು ಕೋಟೆಯನ್ನು ಮುತ್ತಿತು. ಈಗ ಕಾದಾಟವು ದೂರದ ತೋಪುಗಳದು. ಎಣಿಕೆಗೆ ತಕ್ಕ ಫಲವೇ ಆಯಿತು. ಕೋಟೆ ಬಿದ್ದಿತು. ರಾಣಿಯು ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು.

ಆದುದರಿಂದ ದಂಡನಾಯಕನು ಎಷ್ಟು ಜನರಿರುವರೆಂದು ಕೇಳಿದರೆ ಸಾಲದು. ಏಕಕಾಲಕ್ಕೆ ಎಷ್ಟು ಜನರು ಕೈಮಾಡಬಲ್ಲರು, ಮಡಿದವರ ಸ್ಥಾನಕ್ಕೆ ಎಷ್ಟು ಜನರು ಬರಬಲ್ಲರು, ಅವರಿಗೆ ಮದ್ದುಗುಂಡು ಅನ್ನನೀರು ಎಷ್ಟು ದಿನ ಒದಗೀತು ಎಂಬಿವನ್ನೂ ಕೇಳಬೇಕು. ಹೀಗೆ ಕೇಳುವವನಿಗೆ ಎಣಿಕೆಯು ಯುದ್ಧದ ಬೆಲೆಯನ್ನು ಸುಮಾರಾಗಿ ತಿಳಿಸೀತು. ಆ ಬೆಲೆಯನ್ನು ತೆರತಕ್ಕದ್ದೋ ಅಲ್ಲವೋ ಎಂಬುದನ್ನು ಮಾತ್ರ ಅದು ಹೇಳಲಾರದು. ಕಿತ್ತೂರಿನವರು ಅದನ್ನು ತಾವೇ ನಿರ್ಣಯಿಸಿದರು.