ಬಾಣಂತನಕ್ಕೆ ಅಪ್ಪನೂ ಬೇಕು

ನಾವು ಹುಟ್ಟಿದ ದಿನ ನಮ್ಮ ಅಪ್ಪಂದಿರು ಎಲ್ಲಿದ್ದರು? ಕೇರಿಯಲ್ಲಿ ಕೇಳಿದರೆ ಅವ್ವಂದಿರು ನಗುತ್ತಾರೆ: 'ಕೂಲಿಗೆ ಹೋಗಿದ್ದ ಕಣಪ್ಪ, ಇನ್ನೆಲ್ಲಿಗೆ ಹೋಗ್ತಾನೆ?' ಹೊಳಲ್ಕೆರೆಯ ಅಡಿಕೆ ತೋಟ, ಹೊಸದುರ್ಗದ ತೆಂಗಿನ ತೋಟ, ಹಿರಿಯೂರಿನ ಹೊಲ, ಚಿತ್ರದುರ್ಗದ ಗಾರೆ ಕೆಲಸ. ಅಪ್ಪ ಒಂದು ದಿನ ಕೂತರೆ ಒಲೆ ಉರಿಯುತ್ತಿರಲಿಲ್ಲ.

ನಾವು ಓದಿದೆವು. ನಮ್ಮಲ್ಲಿ ಕೆಲವರು ಮೇಷ್ಟ್ರಾದರು, ಗುಮಾಸ್ತರಾದರು. ರಾಜ್ಯ ಸರ್ಕಾರಿ ನೌಕರನಿಗೆ ಮಗು ಹುಟ್ಟಿದಾಗ 15 ದಿನಗಳ ಪಿತೃತ್ವ ರಜೆಯಿದೆ, ಸಂಬಳ ಸಹಿತ. ಆದರೆ ಅರ್ಜಿ ಬರೆಯೋಕೆ ನಾಚಿಕೆ. 'ಹೆತ್ತಿದ್ದು ನಿನ್ನ ಹೆಂಡ್ತಿನೋ, ನೀನೋ?' ಅಂತ ಜೊತೆಯವರು ನಗುತ್ತಾರೆ. ಬಾಣಂತಿ ತವರಿನಲ್ಲಿ, ಗಂಡ ತೊಟ್ಟಿಲ ದಿನ ಬಂದುಹೋಗುವ ನೆಂಟ.

ಗೆಳೆಯರೇ, ಕೈಗೆ ಬಂದ ಹಕ್ಕನ್ನು ನಾಚಿಕೆಗೆ ಬಲಿ ಕೊಡಬೇಡಿ. ರಜೆ ಹಾಕಿ. ನೀರು ಕಾಯಿಸಿ, ಬಟ್ಟೆ ಒಗೆಯಿರಿ, ರಾತ್ರಿ ಅಳುವ ಮಗು ಎತ್ತಿಕೊಳ್ಳಿ. ಸಮಾನತೆ ಅಂತ ವೇದಿಕೆ ಮೇಲೆ ಕೂಗೋ ನಾವು ಅದನ್ನು ಮೊದಲು ಬಚ್ಚಲಲ್ಲಿ ತೋರಿಸಬೇಕು.

ಅಲ್ಲಿಗೇ ಮುಗಿಯುವುದಿಲ್ಲ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ತಾಯಿಯ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿತು. ಅಪ್ಪನಿಗೆ ಒಂದು ದಿನವನ್ನೂ ಕೊಡಲಿಲ್ಲ. ಅದೇ ವರ್ಷದ ಮಾತೃವಂದನಾ ಯೋಜನೆ ಮೊದಲ ಹೆರಿಗೆಯ ಕೂಲಿನಷ್ಟಕ್ಕೆಂದು ತಾಯಿಗೆ 5,000 ರೂಪಾಯಿ ಇಟ್ಟಿತು; ಕೂಲಿ ಬಿಟ್ಟು ಅವಳ ಪಕ್ಕ ಕೂರುವ ಗಂಡನ ನಷ್ಟ ಲೆಕ್ಕಕ್ಕೇ ಬರಲಿಲ್ಲ. ಸಂಬಳದವನು ಮಾತ್ರ ಅಪ್ಪನೇ? ಕೂಲಿಯವನಿಗೂ ಕೂಲಿ ಸಹಿತ ರಜೆ ಬೇಕು. ಅದನ್ನು ಗಟ್ಟಿಯಾಗಿ ಕೇಳಬೇಕಾದರೆ, ಇರುವ 15 ದಿನದಲ್ಲಿ ನಾವು ಮನೆಯೊಳಗೆ ದುಡಿದಿರಬೇಕು.