ಹೊಸ ಕಲ್ಲಿನ ಮೊದಲ ಹಿಟ್ಟು

ಪುಣೆಯಲ್ಲೇ ಹುಟ್ಟಿ ಬೆಳೆದ ನಮ್ಮ ಹುಡುಗ ಹುಡುಗಿಯರಿಗೆ ಬೀಸುವ ಕಲ್ಲೆಂದರೆ ಮದುವೆಮನೆಯಲ್ಲಿ ಅರಿಸಿನ ಬೀಸುವ ಶಾಸ್ತ್ರಕ್ಕೆ ಮಾತ್ರ ಹೊರಗೆ ಬರುವ ವಸ್ತು. ಇಲ್ಲಿಯವರ ಜಾತ ಅದೇ. ನಮ್ಮ ತುಮಕೂರು ಕಡೆ ಅದು ರಾಗಿಕಲ್ಲು. ಹೋದ ವರ್ಷ ಇಂಥದೊಂದು ಹೊಸ ಕಲ್ಲನ್ನು ರಸ್ತೆಬದಿಯ ಕಲ್ಲಿನವರಿಂದ ಕೊಂಡು, ಆಟೋದಲ್ಲಿ ಹೇರಿಕೊಂಡು ಬಂದೆ. ಆಟೋದವನು ಕಲ್ಲಿಗೂ ಒಂದು ಸವಾರಿಯ ಬಾಡಿಗೆ ಕೇಳಿದ, ಅದು ಬೇರೆ ಕಥೆ.

ಮೊಮ್ಮಗಳಿಗೆ ಆರು ತಿಂಗಳು ತುಂಬುವುದರಲ್ಲಿತ್ತು. ಮೊಳಕೆ ರಾಗಿಯ ಸರಿ ಉಣಿಸಬೇಕೆಂದು ನನ್ನ ಆಸೆ. ಗಿರಣಿಯಲ್ಲಿ ಬೀಸಿಸಬಹುದಲ್ಲ ಎಂದು ನೀವು ಕೇಳಬಹುದು. ನಮ್ಮ ಬೀದಿಯ ಗಿರಣಿಯಲ್ಲಿ ಅರ್ಧ ಕಿಲೋಗೆ ಯಂತ್ರ ಹಾಕುವುದಿಲ್ಲ. ಹಾಕಿದರೂ ನಮಗಿಂತ ಮುಂಚೆ ಬಂದವರ ಗೋಧಿಯೋ ಕಡಲೆಯೋ ನಮ್ಮ ಹಿಟ್ಟಿಗೆ ಸೇರಿಕೊಳ್ಳುತ್ತದೆ.

ಸೊಸೆ ಮರಾಠಿಯವಳು. ಕಲ್ಲನ್ನು ಒಮ್ಮೆ ಸವರಿ ನೋಡಿ, ಬೆರಳಿಗೆ ಹತ್ತಿದ ಬೂದು ಪುಡಿ ತೋರಿಸಿ, "ಆಯಿ, ಇದು ಮಗುವಿನ ಹೊಟ್ಟೆಗೆ ಹೋದರೆ?" ಎಂದಳು. ಕೇಳಬೇಕಾದ ಪ್ರಶ್ನೆಯೇ. ಉಳಿಯಿಂದ ಕುಟ್ಟಿದ ಹೊಸ ಕಲ್ಲಿನ ಮೈತುಂಬ ಸಡಿಲ ಹರಳು, ದೂಳು. ನೋಡುವುದಕ್ಕೆ ಚೆಲುವಾಗಿದ್ದರೂ ಅದು ಇನ್ನೂ ಅಡಿಗೆಮನೆಯ ಕಲ್ಲಲ್ಲ. ನನ್ನ ಅಜ್ಜಿ ಹೊಸ ಕಲ್ಲನ್ನು ಪಳಗಿಸುತ್ತಿದ್ದುದು ಕಣ್ಣಿಗೆ ಕಟ್ಟಿದಂತಿತ್ತು. ಹಾಗೆಯೇ ಮಾಡಿದೆ.

ಮೊದಲು ಎರಡೂ ಕಲ್ಲುಗಳನ್ನು ತೆಂಗಿನ ನಾರಿನಿಂದ, ಬರೀ ನೀರಿನಲ್ಲಿ ತಿಕ್ಕಿದೆ. ಸೋಪು ಕೂಡದು, ಕಲ್ಲು ಅದನ್ನು ಹೀರಿಕೊಂಡು ಆಮೇಲೆ ಹಿಟ್ಟಿಗೆ ಕೊಡುತ್ತದೆ. ಎರಡು ದಿನ ಬಾಲ್ಕನಿಯ ಬಿಸಿಲು. ಮೂರನೆಯ ದಿನ ಭತ್ತದ ತೌಡು ಹಾಕಿ ಬೀಸಿದೆ. ಬಂದದ್ದು ಸಿಮೆಂಟಿನ ಬಣ್ಣದ ಪುಡಿ. ಚೆಲ್ಲಿ, ಕಲ್ಲು ಒರೆಸಿ, ಮತ್ತೆ ತೌಡು. ಆಮೇಲೆ ಅಗ್ಗದ ದಪ್ಪಕ್ಕಿ, ನಾಲ್ಕು ಸಲ. ಕಾಳಿಲ್ಲದೆ ಬರೀ ಕಲ್ಲನ್ನು ತಿರುಗಿಸಲೇಬಾರದು. ಕಲ್ಲು ಕಲ್ಲನ್ನು ತಿಂದು ಹೊಸ ಮರಳು ಹುಟ್ಟುತ್ತದೆ. ಪ್ರತಿ ಸಲವೂ ಒಂದು ಚಿಟಿಕೆ ಹಿಟ್ಟನ್ನು ಲೋಟದ ನೀರಿಗೆ ಹಾಕಿ ಕಲಕಿ, ಮೇಲಿನದನ್ನು ಬಗ್ಗಿಸಿ, ತಳವನ್ನು ಬೆರಳಿನಿಂದ ಉಜ್ಜಿ ನೋಡುತ್ತಿದ್ದೆ. ಐದನೆಯ ಸಲದ ಅಕ್ಕಿಹಿಟ್ಟು ಬೆಳ್ಳಗೆ ಬಂತು. ಸೊಸೆ ತಾನೇ ಚೂರು ಹಿಟ್ಟನ್ನು ಮುಂಬಲ್ಲಿಗಿಟ್ಟು ಕಡಿದು ನೋಡಿದಳು. ಕರಕ್ ಎನ್ನಲಿಲ್ಲ.

ಆ ವಾರವೇ ತಮ್ಮನ ಮಗ ಅಮೆರಿಕದಿಂದ ಫೋನು ಮಾಡಿದ್ದ. ಅವನಿಗೆ ಮನೆಯಲ್ಲೇ ಬಿಯರ್ ತಯಾರಿಸುವ ಹವ್ಯಾಸ. ಅಲ್ಲಿ 1978ರ ಕಾಯ್ದೆ ಬಂದಮೇಲೆ ಸ್ವಂತಕ್ಕೆ ಮಾಡಿಕೊಳ್ಳಬಹುದು, ಮಾರುವಂತಿಲ್ಲ. (ಇಲ್ಲಿ ಯಾರೂ ಕೈಹಾಕಬೇಡಿ, ಮಹಾರಾಷ್ಟ್ರದಲ್ಲಿ 1949ರ ಪಾನನಿರೋಧ ಕಾಯ್ದೆ ಇನ್ನೂ ಇದೆ!) ಅವನೂ ಹೊಸದೊಂದು ಕಾಳಿನ ಮಿಲ್ಲು ತರಿಸಿದ್ದನಂತೆ. "ಅತ್ತೆ, ಇದರ ಉರುಳೆಗಳ ಮೇಲೆ ಕಾರ್ಖಾನೆ ಎಣ್ಣೆ ಇತ್ತು. ನೀರು ಸೋಕಿದ್ರೆ ತುಕ್ಕು ಹಿಡಿಯುತ್ತೆ. ಒಣಬಟ್ಟೇಲಿ ಒರೆಸಿ, ಎರಡು ಹಿಡಿ ಕಾಳು ಬೀಸಿ ಬಿಸಾಡಿದೆ" ಎಂದ. ನಿನ್ನ ಮುತ್ತಜ್ಜಿ ತೌಡು ಬಿಸಾಡುತ್ತಿದ್ದಳು ಕಣೋ ಎಂದೆ.

ಅವನ ಕಾಳೂ ಮೊಳಕೆ ಬರಿಸಿ ಒಣಗಿಸಿದ್ದೇ, ಬಾರ್ಲಿ. ಆದರೆ ಅವನಿಗೆ ನುಣ್ಣನೆಯ ಹಿಟ್ಟು ಬೇಡ. ಕಾಳು ಒಡೆಯಬೇಕು, ಸಿಪ್ಪೆ ಆದಷ್ಟು ಇಡಿಯಾಗಿ ಉಳಿಯಬೇಕು; ರಸ ಸೋಸಲು ಆ ಸಿಪ್ಪೆಯೇ ಜರಡಿ. ಅದಕ್ಕೆಂದು ಎರಡು ಉರುಳೆಗಳ ನಡುವೆ ಸುಮಾರು ಒಂದು ಮಿಲಿಮೀಟರ್ ಸಂದು ಬಿಟ್ಟು, ತೆಳು ತಗಡಿನ ಗೇಜಿನಿಂದ ಅಳೆಯುತ್ತಾನೆ. ಅಜ್ಜಿ ಬೇಳೆ ಒಡೆಯುವಾಗ ನಡುಗೂಟಕ್ಕೆ ಬಟ್ಟೆಯ ಪುಟ್ಟ ಸಿಂಬಿ ಸುತ್ತಿ ಮೇಲುಗಲ್ಲನ್ನು ಕೂದಲಷ್ಟು ಎತ್ತುತ್ತಿದ್ದಳು. ರಾಗಿಗೆ ಸಿಂಬಿ ತೆಗೆದುಬಿಡುತ್ತಿದ್ದಳು. ಅವಳ ಗೇಜು ಅಷ್ಟೇ.

ನನ್ನ ರಾಗಿಯನ್ನು ಒಂದು ರಾತ್ರಿ ನೆನೆಸಿ, ಒದ್ದೆಬಟ್ಟೆಯಲ್ಲಿ ಕಟ್ಟಿ, ಬಿಳಿ ಮೊಳಕೆ ಇಣುಕಿದ ಮೇಲೆ ಒಣಗಿಸಿ, ಹದವಾಗಿ ಬೆಚ್ಚಗೆ ಮಾಡಿ, ಮೊಳಕೆ ಉಜ್ಜಿ ಕೇರಿದೆ. ಮೊಳೆಯುವಾಗ ಕಾಳಿನಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಸಕ್ಕರೆಯ ಕಡೆಗೆ ಒಡೆಯುತ್ತದೆ. ಅವನ ಬಿಯರಿಗೂ ನನ್ನ ಸರಿಗೂ ಮೂಲ ಇದೇ. ಹಾಗಾಗಿ ಮೊಳಕೆ ಹಿಟ್ಟಿನ ಸರಿ ಮುದ್ದೆಗಟ್ಟದೆ ತೆಳ್ಳಗಿರುತ್ತದೆ, ಮಗುವಿನ ಪುಟ್ಟ ಹೊಟ್ಟೆಗೆ ಹೆಚ್ಚು ಹಿಟ್ಟು ಸೇರುತ್ತದೆ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮಿಕ್ಕಿ ಕ್ಯಾಲ್ಸಿಯಂ ಇದೆಯೆಂದು ಸೊಸೆಗೆ ಹೇಳಹೋದೆ. ಅವಳ ತಾಯಿ ನಾಚಣಿ ಸತ್ತ್ವ ಮಾಡುತ್ತಿದ್ದರಂತೆ, ಅವಳಿಗೆ ಎಲ್ಲ ಗೊತ್ತು! ಕೊನೆಗೆ ಬೀಸಿದವಳು ಅವಳೇ. ಮೊಣಕಾಲು ನೋವಿನ ನಾನು ಎದುರಿಗೆ ಕುಳಿತು ಹಿಡಿಹಿಡಿಯಾಗಿ ರಾಗಿ ಹಾಕಿದೆ. ತೆಳುಬಟ್ಟೆಯಲ್ಲಿ ಸೋಸಿದ ಹಿಟ್ಟು ಅರ್ಧ ಡಬ್ಬಿಯಾಯಿತು.

ಅಜ್ಜಿಯ ಕಲ್ಲು 1996ರಲ್ಲಿ ಮನೆ ಪಾಲಾದಾಗ ಹಿತ್ತಲಿನ ಮೆಟ್ಟಿಲಾಯಿತು. ಈಗ ಅದರ ಮೇಲೆ ಬಟ್ಟೆ ಒಗೆಯುತ್ತಾರೆ.

ನನ್ನ ಕಲ್ಲೂ ಬೀಸಿ ಬೀಸಿ ಒಂದು ದಿನ ನುಣುಪಾಗುತ್ತದೆ, ಆಗ ಮತ್ತೆ ಉಳಿಯಿಂದ ಕುಟ್ಟಿಸಬೇಕು. ಹಿಂದೆ ನಮ್ಮ ಗಲ್ಲಿಯಲ್ಲಿ 'ಟಾಕೀ' ಎಂದು ಕೂಗುತ್ತ ಬರುತ್ತಿದ್ದ ಹೆಂಗಸರು ಈಗ ಬರುವುದಿಲ್ಲ. ನಿಮ್ಮ ಪೇಟೆಯ ಕಡೆ ಯಾರಾದರೂ ಕಂಡರೆ ಸಂಘದ ಕಚೇರಿಯಲ್ಲಿ ನನಗೊಂದು ಮಾತು ಹೇಳಿಡಿ. ಕುಟ್ಟಿಸಿದ ಮೇಲೆ ಮತ್ತೆ ತೌಡಿನಿಂದಲೇ ಶುರು.